ಪಾರ್ಕಿನ್‌ಸನ್ ರೋಗ: ನಡುಕವೊಂದೇ ಲಕ್ಷಣವಲ್ಲ

ಪಾರ್ಕಿನ್‌ಸನ್ ರೋಗವೆಂದರೆ ಕೈ ನಡುಗುವ ಕಾಯಿಲೆ ಎಂಬ ತಿಳಿವಳಿಕೆ ಜನಸಾಮಾನ್ಯರಲ್ಲಿ ಬೇರೂರಿದೆ. ಇದು ಅರ್ಧ ಸತ್ಯ ಮಾತ್ರ. ಈ ರೋಗಕ್ಕೆ ತುತ್ತಾದವರಲ್ಲಿ ಸುಮಾರು ಕಾಲುಭಾಗದಷ್ಟು ಮಂದಿಗೆ ನಡುಕ ಇರುವುದೇ ಇಲ್ಲ. ಕೈ ನಡುಗುವವರಿಗೆಲ್ಲ ಪಾರ್ಕಿನ್‌ಸನ್ ಇರುತ್ತದೆ ಎನ್ನುವಂತೆಯೂ ಇಲ್ಲ. ವೈದ್ಯರು ಮುಖ್ಯವಾಗಿ ಹುಡುಕುವ ಲಕ್ಷಣ ಚಲನೆಯ ನಿಧಾನ. ಅಂಗಿಯ ಗುಂಡಿ ಹಾಕಲು, ಅನ್ನ ಕಲಸಲು, ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯತೊಡಗುತ್ತದೆ. 'ವಯಸ್ಸಾಯಿತಲ್ಲ' ಎಂದು ಮನೆಯವರು ಸುಮ್ಮನಾಗುತ್ತಾರೆ. ಕೆಲವು ಮನೆಗಳಲ್ಲಿ ಇದಕ್ಕೆ ಸೋಮಾರಿತನವೆಂಬ ಹೆಸರೂ ಬೀಳುತ್ತದೆ. ಚಿಕಿತ್ಸೆಯಿಂದ ಚೆನ್ನಾಗಿ ಓಡಾಡಿಕೊಂಡಿರಬಹುದಾಗಿದ್ದ ಒಂದೆರಡು ವರ್ಷಗಳು ಹೀಗೆ ಕಳೆದುಹೋಗುವುದುಂಟು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2019ರಲ್ಲಿ ಜಗತ್ತಿನಾದ್ಯಂತ 85 ಲಕ್ಷಕ್ಕೂ ಹೆಚ್ಚು ಜನರಿಗೆ ಈ ರೋಗವಿತ್ತು. ಅರವತ್ತು ದಾಟಿದವರಲ್ಲಿ ಇದು ಹೆಚ್ಚು. ಸ್ತ್ರೀಯರಿಗಿಂತ ಪುರುಷರಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಆದರೆ ವಯಸ್ಸಾದವರಿಗೆ ಮಾತ್ರ ಬರುವ ರೋಗವೆಂದು ತಿಳಿಯಬಾರದು. ಹಾಲಿವುಡ್ ನಟ ಮೈಕೆಲ್ ಜೆ. ಫಾಕ್ಸ್ ಅವರಿಗೆ 1991ರಲ್ಲಿ ರೋಗ ಪತ್ತೆಯಾದಾಗ ಅವರಿಗಿನ್ನೂ 29 ವರ್ಷ.

ಹೆಸರು ಬಂದ ಬಗೆ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ನಡುಕವಾತವನ್ನು ಕುರಿತು ಚಿಕ್ಕದೊಂದು ಪ್ರಬಂಧವನ್ನು ಪ್ರಕಟಿಸಿದ. ಅದರಲ್ಲಿದ್ದುದು ಕೇವಲ ಆರು ಜನರ ವಿವರ. ಅವರಲ್ಲಿ ಕೆಲವರನ್ನು ಆತ ಕಂಡದ್ದು ಬೀದಿಯಲ್ಲಿ. ಮುಟ್ಟಿ ಪರೀಕ್ಷಿಸಿದ್ದೂ ಇಲ್ಲ. ಆದರೂ ಮುಂದಕ್ಕೆ ಬಾಗಿದ ಮೈ, ಓಡುವಂತೆ ತೋರುವ ಪುಟ್ಟ ಹೆಜ್ಜೆ, ಸುಮ್ಮನಿದ್ದಾಗಲೇ ನಡುಗುವ ಕೈ ಇವೆಲ್ಲವನ್ನೂ ಆತ ಗುರುತಿಸಿದ ರೀತಿ ಇಂದಿಗೂ ಮೆಚ್ಚುವಂತಿದೆ. ಬುದ್ಧಿ ಮತ್ತು ಇಂದ್ರಿಯಗಳಿಗೆ ಏನೂ ಆಗುವುದಿಲ್ಲವೆಂದು ಬರೆದದ್ದರಲ್ಲಿ ಮಾತ್ರ ಆತ ಎಡವಿದ. ಮುಂದೆ ಫ್ರಾನ್ಸಿನ ನರವೈದ್ಯ ಜೀನ್ ಮಾರ್ಟಿನ್ ಶಾರ್ಕೋ ಈ ರೋಗಕ್ಕೆ ಪಾರ್ಕಿನ್‌ಸನ್ನನ ಹೆಸರನ್ನೇ ಬಳಕೆಗೆ ತಂದ. ರೋಗಿಗಳೆಲ್ಲರೂ ನಡುಗುವುದಿಲ್ಲ, ಅವರ ಸ್ನಾಯುಗಳ ಬಲವೂ ಕುಂದಿರುವುದಿಲ್ಲ ಎಂಬುದನ್ನು ಆಗಲೇ ತೋರಿಸಿಕೊಟ್ಟವನೂ ಅವನೇ. ಪಾರ್ಕಿನ್‌ಸನ್ ಹುಟ್ಟಿದ ಏಪ್ರಿಲ್ 11ನ್ನು ವಿಶ್ವ ಪಾರ್ಕಿನ್‌ಸನ್ ದಿನವಾಗಿ ಆಚರಿಸಲಾಗುತ್ತಿದೆ. ಆಯುರ್ವೇದದಲ್ಲಿ ಹೇಳುವ ಕಂಪವಾತದ ಲಕ್ಷಣಗಳು ಈ ರೋಗವನ್ನು ಬಹುಮಟ್ಟಿಗೆ ಹೋಲುತ್ತವೆ.

ಮಿದುಳಿನಲ್ಲಿ ಆಗುವುದೇನು?

ಮಧ್ಯಮಿದುಳಿನ ಎರಡೂ ಬದಿಗಳಲ್ಲಿ ಕಪ್ಪನೆಯ ಪಟ್ಟಿಯಂಥ ಭಾಗವೊಂದಿದೆ. ಬಣ್ಣದಿಂದಾಗಿಯೇ ಅದಕ್ಕೆ ಲ್ಯಾಟಿನ್ನಿನಲ್ಲಿ 'ಸಬ್‌ಸ್ಟಾನ್ಷಿಯಾ ನೈಗ್ರಾ', ಅಂದರೆ ಕಪ್ಪು ಪದಾರ್ಥ ಎಂಬ ಹೆಸರು ಬಂದಿದೆ. ಇಲ್ಲಿನ ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸಿ ಮಿದುಳಿನ ಆಳದಲ್ಲಿರುವ ಚಲನಕೇಂದ್ರಗಳಿಗೆ ಕಳುಹಿಸುತ್ತವೆ. ನಾವು ಯೋಚಿಸದೆಯೇ ಮಾಡುವ ಚಲನೆಗಳು ನಡೆಯುವುದು ಈ ಕೇಂದ್ರಗಳ ನೆರವಿನಿಂದ. ನಡೆಯುವಾಗ ಕೈ ಬೀಸುವುದು, ಮಾತನಾಡುವಾಗ ಮುಖದಲ್ಲಿ ಭಾವ ಮೂಡುವುದು, ಬಾಯಲ್ಲಿ ಊರಿದ ಜೊಲ್ಲನ್ನು ಆಗಾಗ್ಗೆ ನುಂಗುವುದು, ಕುರ್ಚಿಯಿಂದ ಏಳುವುದು ಇತ್ಯಾದಿಗಳಿಗೆ ನಾವೆಂದೂ ಗಮನ ಕೊಡುವುದಿಲ್ಲ. ಪಾರ್ಕಿನ್‌ಸನ್ ರೋಗದಲ್ಲಿ ಈ ಕೋಶಗಳು ಒಂದೊಂದಾಗಿ ಸಾಯುತ್ತವೆ. ಡೋಪಮಿನ್ ಕಡಿಮೆಯಾದಂತೆ, ತಾನಾಗಿಯೇ ನಡೆಯುತ್ತಿದ್ದ ಚಲನೆಗಳಿಗೆಲ್ಲ ಮನಸ್ಸಿಟ್ಟು ಪ್ರಯತ್ನಿಸಬೇಕಾಗುತ್ತದೆ. ರೋಗಿಗಳು 'ಏನೂ ಮಾಡದಿದ್ದರೂ ದಣಿವು' ಎಂದು ದೂರುವುದಕ್ಕೆ ಇದೂ ಒಂದು ಕಾರಣ.

ನಮ್ಮ ಮಿದುಳಿನಲ್ಲಿ ಈ ಕೋಶಗಳ ದಾಸ್ತಾನು ಸಾಕಷ್ಟಿರುವುದರಿಂದ ನಷ್ಟವು ಮೊದಮೊದಲು ಗೊತ್ತಾಗುವುದಿಲ್ಲ. ಕೈಕಾಲುಗಳಲ್ಲಿ ಲಕ್ಷಣ ಕಾಣಿಸುವ ಹೊತ್ತಿಗೆ ಸುಮಾರು ಅರ್ಧದಷ್ಟು ಕೋಶಗಳು ನಾಶವಾಗಿರುತ್ತವೆ. ಉಳಿದ ಕೋಶಗಳೊಳಗೆ ಚಿಕ್ಕ ಉಂಡೆಗಳಂಥ ರಚನೆಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಇವುಗಳನ್ನು ಮೊದಲು ವರ್ಣಿಸಿದವನು ಫ್ರೆಡ್ರಿಕ್ ಲೆವಿ, 1912ರಲ್ಲಿ. ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಗಂಟುಗಟ್ಟಿ ಈ ಉಂಡೆಗಳಾಗುತ್ತವೆ ಎಂಬುದು 1997ರಲ್ಲಿ ತಿಳಿದುಬಂತು. ಅದು ಗಂಟುಗಟ್ಟುವುದು ಏಕೆ ಎಂಬ ಪ್ರಶ್ನೆಗೆ ಪೂರ್ಣ ಉತ್ತರ ದೊರೆತಿಲ್ಲ.

ಸರ್ಪಗಂಧದಿಂದ ಸಿಕ್ಕ ಸುಳಿವು

ಡೋಪಮಿನ್ನಿನ ಪಾತ್ರ ಬೆಳಕಿಗೆ ಬಂದ ಕಥೆಯಲ್ಲಿ ನಮ್ಮ ನಾಡಿನ ಗಿಡವೊಂದಿದೆ. ಸರ್ಪಗಂಧದ ಬೇರು ರಕ್ತದೊತ್ತಡ ಮತ್ತು ಉನ್ಮಾದಗಳಿಗೆ ಉಪಯುಕ್ತವೆಂದು ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲಿ ಬರೆದಿದ್ದರು. ಆ ಬೇರಿನಿಂದ ರಿಸರ್ಪಿನ್ ಎಂಬ ಅಂಶವನ್ನು 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೇರ್ಪಡಿಸಲಾಯಿತು. ಅದನ್ನು ಸೇವಿಸಿದ ಕೆಲವು ರೋಗಿಗಳಲ್ಲಿ ಪಾರ್ಕಿನ್‌ಸನ್ನಿನಂಥ ನಿಧಾನವೂ ಬಿಗಿತವೂ ಕಾಣಿಸಿಕೊಂಡವು. ಸ್ವೀಡನ್ನಿನ ವಿಜ್ಞಾನಿ ಅರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ರಿಸರ್ಪಿನ್ ಕೊಟ್ಟಾಗ ಅವು ಕಿವಿ ಜೋಲಿಸಿ ಅಲುಗಾಡದೆ ಬಿದ್ದುಕೊಂಡವು. ಡೋಪಮಿನ್ನಿನ ಪೂರ್ವರೂಪವಾದ ಲೀವೊಡೋಪಾವನ್ನು ಚುಚ್ಚಿದಾಗ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಎದ್ದು ಓಡಾಡಿದವು. ಈ ಸಂಶೋಧನೆಗೆ 2000ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಪಾರ್ಕಿನ್‌ಸನ್ ರೋಗಿಗಳ ಮಿದುಳಿನಲ್ಲಿ ಡೋಪಮಿನ್ ತೀರಾ ಕಡಿಮೆಯಿರುವುದನ್ನು 1960ರಲ್ಲಿ ವಿಯೆನ್ನಾದ ಓಲೆ ಹಾರ್ನಿಕಿವಿಜ್ ತೋರಿಸಿದರು. ಮರುವರ್ಷವೇ ಅಲ್ಲಿ ಹಾಸಿಗೆ ಹಿಡಿದಿದ್ದ ರೋಗಿಗಳು ಲೀವೊಡೋಪಾ ಚುಚ್ಚುಮದ್ದಿನ ನಂತರ ಕೆಲವು ಗಂಟೆಗಳ ಕಾಲ ಎದ್ದು ನಡೆದರು. ಇದನ್ನು ದಿನವೂ ನುಂಗಬಹುದಾದ ಚಿಕಿತ್ಸೆಯಾಗಿ ಮಾಡಿದ ಶ್ರೇಯಸ್ಸು 1967ರಲ್ಲಿ ಪ್ರಯೋಗ ನಡೆಸಿದ ಅಮೆರಿಕದ ಜಾರ್ಜ್ ಕಾಟ್ಜಿಯಾಸ್ ಅವರದು.

ದೇಹದ ಮೇಲೆ ಪರಿಣಾಮ

ರೋಗವು ಸಾಮಾನ್ಯವಾಗಿ ದೇಹದ ಒಂದು ಬದಿಯಲ್ಲಿ ಆರಂಭವಾಗಿ, ಕೆಲವು ವರ್ಷಗಳಲ್ಲಿ ಇನ್ನೊಂದು ಬದಿಗೂ ಹರಡುತ್ತದೆ. ಮೊದಲು ಹಿಡಿದ ಬದಿಯಲ್ಲೇ ತೀವ್ರತೆ ಹೆಚ್ಚಿರುತ್ತದೆ. ಒಂದು ಕೈ ಬೀಸದೆ ನಡೆಯುವುದು, ಒಂದು ಕಾಲಿನ ಚಪ್ಪಲಿ ಮಾತ್ರ ನೆಲಕ್ಕೆ ಉಜ್ಜುವುದು ಮೊದಲ ಗುರುತುಗಳಾಗಿರಬಹುದು.

ನಡುಕವಿದ್ದರೆ ಅದಕ್ಕೊಂದು ವಿಶೇಷವಿದೆ. ತೊಡೆಯ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತಾಗ, ಜಪಸರದ ಮಣಿ ಎಣಿಸುವಂತೆ ಹೆಬ್ಬೆರಳೂ ತೋರುಬೆರಳೂ ಸೆಕೆಂಡಿಗೆ ನಾಲ್ಕರಿಂದ ಆರು ಬಾರಿ ಆಡುತ್ತವೆ. ಲೋಟ ಎತ್ತಲು ಹೋದಾಗ ನಡುಕ ತಗ್ಗುತ್ತದೆ, ನಿದ್ರೆಯಲ್ಲಿ ನಿಲ್ಲುತ್ತದೆ, ಆತಂಕವಾದಾಗ ಹೆಚ್ಚುತ್ತದೆ. ನೋಡುವವರಿಗೆ ಇದು ಎದ್ದು ಕಾಣುವುದಾದರೂ ರೋಗಿಯ ದಿನಚರಿಯನ್ನು ಹೆಚ್ಚು ಕೆಡಿಸುವುದು ಇದಲ್ಲ.

ನಿಧಾನವೆಂದರೆ ವೇಗ ಕಡಿಮೆಯಾಗುವುದಷ್ಟೇ ಅಲ್ಲ. ಚಲನೆಯ ಗಾತ್ರವೂ ಕುಗ್ಗುತ್ತಾ ಹೋಗುತ್ತದೆ. ಬೆರಳುಗಳನ್ನು ಪದೇ ಪದೇ ತಾಗಿಸಲು ಹೇಳಿದರೆ ಮೊದಲ ನಾಲ್ಕಾರು ಬಾರಿ ಅಗಲವಾಗಿ ತೆರೆದು, ಬರಬರುತ್ತಾ ಕಿರಿದಾಗಿ ನಿಂತುಬಿಡುತ್ತವೆ. ಬರೆಯುವಾಗ ಸಾಲಿನ ಕೊನೆಗೆ ಹೋದಂತೆ ಅಕ್ಷರ ಇರುವೆಯಷ್ಟಾಗುತ್ತದೆ. ಚೆಕ್ಕಿನ ಸಹಿ ಹೊಂದುವುದಿಲ್ಲವೆಂದು ಬ್ಯಾಂಕು ಹಿಂತಿರುಗಿಸಿದಾಗಲೇ ತೊಂದರೆ ಗಮನಕ್ಕೆ ಬರುವವರೂ ಉಂಟು. ಧ್ವನಿ ತಗ್ಗಿ ಏಕಸ್ವರವಾಗುತ್ತದೆ. ಮುಖದ ಸ್ನಾಯುಗಳು ಆಡದೆ ಮುಖವಾಡ ಹಾಕಿದಂತೆ ಕಾಣುತ್ತದೆ. ಕಣ್ಣು ಮಿಟುಕಿಸುವುದೂ ವಿರಳ. ಮೊಮ್ಮಗುವನ್ನು ಕಂಡಾಗಲೂ ನಗದ ಅಜ್ಜನನ್ನು ನೋಡಿ ಮನೆಯವರು ಸಿಟ್ಟಾಗಿದ್ದಾರೆಂದೋ ಪ್ರೀತಿ ಕಡಿಮೆಯಾಯಿತೆಂದೋ ಭಾವಿಸುತ್ತಾರೆ. ಒಳಗೆ ಸಂತೋಷವಿದ್ದರೂ ಅದನ್ನು ಮುಖದ ಮೇಲೆ ತರುವ ಸ್ನಾಯುಗಳು ಹೇಳಿದಂತೆ ಕೇಳುತ್ತಿಲ್ಲ ಎಂಬುದನ್ನು ಇಂಥ ಮನೆಗಳಲ್ಲಿ ಯಾರಾದರೂ ಬಿಡಿಸಿ ಹೇಳಬೇಕು.

ಮೂರನೆಯದು ಬಿಗಿತ. ಮೊಣಕೈಯನ್ನು ವೈದ್ಯರು ಮಡಿಸಿ ಬಿಡಿಸುವಾಗ ಹಲ್ಲುಚಕ್ರ ತಿರುಗಿಸಿದಂತೆ ತಡೆತಡೆದು ಬರುತ್ತದೆ. ಭುಜದ ನೋವೇ ಮೊದಲ ದೂರಾಗಿ, ಮೂಳೆ ವೈದ್ಯರಲ್ಲಿ 'ಫ್ರೋಜನ್ ಶೋಲ್ಡರ್' ಎಂದು ತಿಂಗಳುಗಟ್ಟಲೆ ಚಿಕಿತ್ಸೆ ಪಡೆಯುವುದು ಅಪರೂಪವೇನಲ್ಲ.

ಸಮತೋಲನ ತಪ್ಪುವುದು ಸಾಮಾನ್ಯವಾಗಿ ವರ್ಷಗಳ ನಂತರ. ಕೆಲವರಿಗೆ ನಡೆಯುತ್ತಿರುವಾಗಲೇ ಪಾದ ನೆಲಕ್ಕೆ ಅಂಟಿಕೊಂಡಂತಾಗುತ್ತದೆ. ಇದು ಹೆಚ್ಚಾಗಿ ಬಾಗಿಲ ಹೊಸ್ತಿಲ ಬಳಿ, ಇಕ್ಕಟ್ಟಾದ ಜಾಗದಲ್ಲಿ, ತಿರುಗುವಾಗ ಆಗುತ್ತದೆ. ವಿಚಿತ್ರವೆಂದರೆ ಸಪಾಟು ನೆಲದಲ್ಲಿ ಹೆಜ್ಜೆ ಕೀಳಲಾಗದವರು ಮೆಟ್ಟಿಲನ್ನು ಸರಾಗವಾಗಿ ಹತ್ತಿಬಿಡುತ್ತಾರೆ. ಮೆಟ್ಟಿಲಿನ ಅಂಚು ಕಣ್ಣಿಗೆ ಗುರುತಾಗಿ ಒದಗುವುದರಿಂದ ಹೀಗಾಗುತ್ತದೆ. ಇದೇ ಸೂತ್ರವನ್ನು ಮನೆಯಲ್ಲೂ ಬಳಸಬಹುದು. ನೆಲದ ಮೇಲೆ ಅಡ್ಡಲಾಗಿ ಬಣ್ಣದ ಪಟ್ಟಿ ಅಂಟಿಸಿ ಅದನ್ನು ದಾಟಿಸುವುದು, ಒಂದು ಎರಡು ಎಂದು ಎಣಿಸುತ್ತಾ ಹೆಜ್ಜೆ ಇಡಿಸುವುದು ಹಲವರಿಗೆ ನೆರವಾಗಿದೆ. ಅಂಟಿನಿಂತವರನ್ನು ಕೈಹಿಡಿದು ಎಳೆಯುವುದು ಮಾತ್ರ ತಪ್ಪು. ಪಾದ ಅಲ್ಲೇ ಉಳಿದು ಮೈ ಮುಂದಕ್ಕೆ ಬೀಳುತ್ತದೆ.

ನಡುಕಕ್ಕಿಂತ ಮುಂಚೆ, ಕಣ್ಣಿಗೆ ಕಾಣದಂತೆ

ಜರ್ಮನಿಯ ಹೈಕೊ ಬ್ರಾಕ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರೋಟೀನಿನ ಗಂಟುಗಳು ಮೊದಲು ಕಾಣಿಸುವುದು ವಾಸನೆಗೆ ಸಂಬಂಧಿಸಿದ ಭಾಗದಲ್ಲಿ ಹಾಗೂ ಕರುಳಿಗೆ ನರ ಕಳುಹಿಸುವ ಮಿದುಳುಬಳ್ಳಿಯ ಕೆಳಭಾಗದಲ್ಲಿ. ಎಲ್ಲ ರೋಗಿಗಳಲ್ಲೂ ಇದೇ ಕ್ರಮವಿರುವುದಿಲ್ಲ. ಆದರೂ ವೈದ್ಯರ ಅನುಭವಕ್ಕೆ ಇದು ಹೊಂದುತ್ತದೆ. ಒಗ್ಗರಣೆಯ, ಕಾಫಿಯ ಪರಿಮಳ ತಿಳಿಯದಿರುವುದು, ಬಿಡದ ಮಲಬದ್ಧತೆ, ಕನಸಿಗೆ ತಕ್ಕಂತೆ ನಿದ್ರೆಯಲ್ಲಿ ಕೂಗಾಡಿ ಕೈಕಾಲು ಬಡಿಯುವುದು ಇವು ನಡುಕಕ್ಕಿಂತ ಹತ್ತು ವರ್ಷ ಮುಂಚೆಯೇ ಇರಬಹುದು. ಹಾಗೆಂದು ಮಲಬದ್ಧತೆಯಿರುವವರೆಲ್ಲ ಗಾಬರಿಯಾಗಬೇಕಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಪೆಟ್ಟು ಬೀಳುವಷ್ಟು ಕನಸಿನ ಹೊಡೆದಾಟವಿದ್ದರೆ ಮಾತ್ರ ನರವೈದ್ಯರಿಗೆ ತಿಳಿಸುವುದು ಒಳಿತು.

ರೋಗ ಮುಂದುವರಿದಂತೆ ಇನ್ನೂ ಹಲವು ತೊಂದರೆಗಳು ಸೇರಿಕೊಳ್ಳುತ್ತವೆ. ಎದ್ದುನಿಂತಾಗ ರಕ್ತದೊತ್ತಡ ಇಳಿದು ತಲೆಸುತ್ತು ಬರುವುದು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಜೊಲ್ಲು ಸುರಿಯುವುದು, ಖಿನ್ನತೆ, ಆತಂಕ ಇವು ಸಾಮಾನ್ಯ. ಖಿನ್ನತೆಯನ್ನು ಕಾಯಿಲೆ ಬಂದ ದುಃಖವೆಂದಷ್ಟೇ ಎಣಿಸಬಾರದು. ಮಿದುಳಿನ ರಾಸಾಯನಿಕ ಬದಲಾವಣೆಯೂ ಅದಕ್ಕೆ ಕಾರಣ, ಚಿಕಿತ್ಸೆಯೂ ಇದೆ. ಬಹು ವರ್ಷಗಳ ನಂತರ ಮರೆವು, ಇಲ್ಲದವರು ಎದುರಿಗೆ ಕಂಡಂತಾಗುವ ಭ್ರಮೆ ಕಾಣಿಸಿಕೊಳ್ಳಬಹುದು. ಮೊದಲ ವರ್ಷದಲ್ಲೇ ಮರೆವೂ ಭ್ರಮೆಯೂ ತೀವ್ರವಾಗಿದ್ದರೆ, ಅಥವಾ ಪದೇ ಪದೇ ಬೀಳುತ್ತಿದ್ದರೆ, ಅದು ಬೇರೆಯದೇ ರೋಗವಿರುವ ಸಂಭವ ಹೆಚ್ಚು.

ಎಲ್ಲ ನಡುಕವೂ ಪಾರ್ಕಿನ್‌ಸನ್ ಅಲ್ಲ

ಕೈ ಚಾಚಿದಾಗ, ಬರೆಯುವಾಗ, ಕಾಫಿ ಲೋಟ ಬಾಯಿಗೆ ಒಯ್ಯುವಾಗ ಎರಡೂ ಕೈ ನಡುಗುತ್ತಿದ್ದರೆ, ತಂದೆಗೋ ತಾಯಿಗೋ ಹಾಗೆಯೇ ಇದ್ದರೆ, ಅದು ಬಹುಪಾಲು 'ಎಸೆನ್ಷಿಯಲ್ ಟ್ರೆಮರ್'. ಇದು ಪಾರ್ಕಿನ್‌ಸನ್ನಿಗಿಂತ ಹೆಚ್ಚು ಸಾಮಾನ್ಯ, ಚಿಕಿತ್ಸೆಯೂ ಬೇರೆ. ಥೈರಾಯ್ಡ್ ಹೆಚ್ಚಾದರೂ ಕೈ ನಡುಗುತ್ತದೆ. ಚಿಕ್ಕ ವಯಸ್ಸಿನವರಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯನ್ನು ಮರೆಯುವಂತಿಲ್ಲ.

ಅತಿ ಮುಖ್ಯವಾಗಿ ನೋಡಬೇಕಾದದ್ದು ಔಷಧಗಳ ಚೀಟಿ. ಮಾನಸಿಕ ರೋಗದ ಹಲವು ಮಾತ್ರೆಗಳು, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ವರ್ಷಗಟ್ಟಲೆ ನುಂಗುವ ಸಿನ್ನರಿಜಿನ್, ತಲೆನೋವಿನ ಫ್ಲೂನರಿಜಿನ್, ಹೊಟ್ಟೆಯುಬ್ಬರಕ್ಕೆ ಬರೆಯುವ ಲೀವೊಸಲ್ಪಿರೈಡ್ ಇವು ಡೋಪಮಿನ್ನಿನ ಕೆಲಸವನ್ನು ತಡೆದು ಪಾರ್ಕಿನ್‌ಸನ್ನಿನಂಥದೇ ಸ್ಥಿತಿಯನ್ನು ಉಂಟುಮಾಡಬಲ್ಲವು. ವೈದ್ಯರ ಸಲಹೆಯಂತೆ ಅವನ್ನು ನಿಲ್ಲಿಸಿದರೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ಹಳೆಯ ಚೀಟಿಯನ್ನೇ ಔಷಧದಂಗಡಿಯಲ್ಲಿ ತೋರಿಸಿ ಮಾತ್ರೆ ಮುಂದುವರಿಸುವ ನಮ್ಮ ಅಭ್ಯಾಸದಿಂದ ಇಂಥ ಪ್ರಸಂಗಗಳು ಹೆಚ್ಚುತ್ತವೆ.

ರೋಗವನ್ನು ನಿರ್ಧರಿಸುವುದು ಮುಖ್ಯವಾಗಿ ವೈದ್ಯರ ಕಣ್ಣು ಮತ್ತು ಕೈಗಳಿಂದ. ಎಂಆರ್‌ಐ ಚಿತ್ರ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಬೇರೆ ಕಾರಣಗಳನ್ನು ತಳ್ಳಿಹಾಕಲು ಅದು ಬೇಕು. 'ಸ್ಕ್ಯಾನ್ ನಾರ್ಮಲ್' ಎಂದ ಮಾತ್ರಕ್ಕೆ ರೋಗವಿಲ್ಲವೆಂದಲ್ಲ.

ಯಾರಿಗೆ, ಏಕೆ?

ಬಹುತೇಕರಲ್ಲಿ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲಾಗುವುದಿಲ್ಲ. ವಯಸ್ಸೇ ದೊಡ್ಡ ಕಾರಣ. ಕೆಲವು ಕುಟುಂಬಗಳಲ್ಲಿ ವಂಶವಾಹಿಗಳ ದೋಷವಿರುತ್ತದೆ. ಪ್ಯಾರಾಕ್ವಾಟ್, ರೊಟೆನೋನ್‌ಗಳಂಥ ಕೃಷಿ ವಿಷಗಳ ಒಡನಾಟಕ್ಕೂ ರೋಗಕ್ಕೂ ನಂಟಿರುವುದನ್ನು ಅನೇಕ ಅಧ್ಯಯನಗಳು ತೋರಿಸಿವೆ. ಮೂಗು ಬಾಯಿಗೆ ಬಟ್ಟೆಯನ್ನೂ ಕಟ್ಟದೆ ಬರಿಗೈಯಲ್ಲಿ ಔಷಧ ಸಿಂಪಡಿಸುವ ರೈತರು ಈ ಮಾತನ್ನು ಗಮನಿಸಬೇಕು.

ಭಾರತದ ಮಟ್ಟಿಗೆ ಎರಡು ಸಂಗತಿಗಳು ಕುತೂಹಲಕರ. ಮುಂಬಯಿಯ ಪಾರ್ಸಿ ಸಮುದಾಯದಲ್ಲಿ ಲಕ್ಷಕ್ಕೆ 328 ಜನರಿಗೆ ರೋಗವಿರುವುದನ್ನು 1988ರಲ್ಲಿ ಪ್ರಕಟವಾದ ಸಮೀಕ್ಷೆ ತಿಳಿಸಿತು. ದೇಶದ ಇತರ ಸಮೀಕ್ಷೆಗಳಿಗೆ ಹೋಲಿಸಿದರೆ ಇದು ಬಹಳ ಹೆಚ್ಚು. ಆ ಸಮುದಾಯದಲ್ಲಿ ವೃದ್ಧರ ಪ್ರಮಾಣ ಹೆಚ್ಚಿರುವುದೂ ಇದಕ್ಕೊಂದು ಕಾರಣ. ಇನ್ನೊಂದು, ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನ. ರೋಗವಿಲ್ಲದ ಭಾರತೀಯರ ಮಿದುಳುಗಳಲ್ಲಿ ಕಪ್ಪು ಕೋಶಗಳ ಸಂಖ್ಯೆ ಬ್ರಿಟನ್ನಿನವರಿಗಿಂತ ಸುಮಾರು ಶೇಕಡ 40ರಷ್ಟು ಕಡಿಮೆಯಿತ್ತು. ಆದರೆ ವಯಸ್ಸಾದಂತೆ ಅವು ಇನ್ನಷ್ಟು ಕಡಿಮೆಯಾಗುತ್ತಿರಲಿಲ್ಲ. ಅಂದರೆ ಕೋಶ ಕಡಿಮೆಯಿದ್ದ ಮಾತ್ರಕ್ಕೆ ರೋಗ ಬರುವುದಿಲ್ಲ ಎಂದಾಯಿತು.

ಚಿಕಿತ್ಸೆ

ಸಾಯುತ್ತಿರುವ ಕೋಶಗಳನ್ನು ಉಳಿಸುವ, ರೋಗದ ಗತಿಯನ್ನು ನಿಲ್ಲಿಸುವ ಔಷಧ ಇನ್ನೂ ದೃಢಪಟ್ಟಿಲ್ಲ. ಲಕ್ಷಣಗಳನ್ನು ತಗ್ಗಿಸುವ ಔಷಧಗಳು ಮಾತ್ರ ಚೆನ್ನಾಗಿವೆ. ಡೋಪಮಿನ್ನನ್ನೇ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ಪ್ರವೇಶಿಸಲಾರದು. ಆದುದರಿಂದ ಲೀವೊಡೋಪಾವನ್ನು ಕೊಡಲಾಗುತ್ತದೆ. ಅದು ದಾರಿಯಲ್ಲೇ ಖರ್ಚಾಗದಂತೆ ಕಾರ್ಬಿಡೋಪಾವನ್ನು ಜೊತೆಗೆ ಸೇರಿಸಿರುತ್ತಾರೆ.

'ಈ ಮಾತ್ರೆ ಐದು ವರ್ಷ ಮಾತ್ರ ಕೆಲಸ ಮಾಡುತ್ತದೆ, ಆದಷ್ಟು ತಡವಾಗಿ ಆರಂಭಿಸಬೇಕು' ಎಂಬ ನಂಬಿಕೆ ಪ್ರಚಲಿತವಾಗಿದೆ. ಮಾತ್ರೆ ತನ್ನ ಶಕ್ತಿಯನ್ನು ಕಳೆದುಕೊಳ್ಳುವುದಿಲ್ಲ. ಕೋಶಗಳು ಕಡಿಮೆಯಾದಂತೆ ಡೋಪಮಿನ್ನನ್ನು ಶೇಖರಿಸಿಡುವ ಸಾಮರ್ಥ್ಯ ಮಿದುಳಿಗೆ ಕುಂದುತ್ತದೆ. ಆದ್ದರಿಂದ ಮುಂದಿನ ಮಾತ್ರೆಯ ಹೊತ್ತಿಗೆ ಮುಂಚೆಯೇ ಬಿಗಿತ ಮರಳುತ್ತದೆ, ಮಾತ್ರೆ ಏರಿದಾಗ ಮೈ ತಾನಾಗಿ ಬಳುಕಾಡುತ್ತದೆ. ಆಗ ಪ್ರಮಾಣವನ್ನೂ ಸಮಯವನ್ನೂ ವೈದ್ಯರು ಹೊಂದಿಸಬೇಕಾಗುತ್ತದೆ. ತೊಂದರೆಯಿದ್ದೂ ಚಿಕಿತ್ಸೆ ಮುಂದೂಡುವುದರಿಂದ ಲಾಭವಿಲ್ಲ.

ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಮೊದಲು ನುಂಗುವುದು ಉತ್ತಮ. ಬೇಳೆ, ಹಾಲು, ಮೊಟ್ಟೆ, ಮಾಂಸಗಳ ಪ್ರೋಟೀನು ಅದರೊಡನೆ ಸ್ಪರ್ಧಿಸಿ ಹೀರಿಕೆಯನ್ನು ತಗ್ಗಿಸುತ್ತದೆ. ಕಬ್ಬಿಣದ ಮಾತ್ರೆಯನ್ನೂ ಜೊತೆಗೇ ಸೇವಿಸಬಾರದು. ಪ್ರಮಿಪೆಕ್ಸೋಲ್, ರೋಪಿನಿರೋಲ್ ಎಂಬ ಇತರ ಔಷಧಗಳಿಂದ ಕೆಲವರಿಗೆ ಜೂಜು, ವಿಪರೀತ ಖರೀದಿ, ಅತಿಯಾದ ಕಾಮಾಸಕ್ತಿ ಅಂಟಿಕೊಳ್ಳುವುದುಂಟು. ಇದು ಔಷಧದ ಅಡ್ಡಪರಿಣಾಮವೆಂದು ತಿಳಿಯದೆ ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾರೆ. ಟ್ರೈಹೆಕ್ಸಿಫೆನಿಡಿಲ್ ನಡುಕವನ್ನು ತಗ್ಗಿಸಿದರೂ ವೃದ್ಧರಲ್ಲಿ ಮರೆವು, ಗೊಂದಲಗಳನ್ನು ತರುತ್ತದೆ.

ನಸುಗುನ್ನಿ ಬೀಜದ ಬಗ್ಗೆ ಓದುಗರು ಕೇಳುವುದುಂಟು. ಮುಟ್ಟಿದರೆ ತುರಿಸುವ ಈ ಬಳ್ಳಿಯ ಬೀಜದಲ್ಲಿ ಲೀವೊಡೋಪಾ ಇರುವುದು ನಿಜ. ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು 1937ರಲ್ಲಿಯೇ ಬೇರ್ಪಡಿಸಿ ತೋರಿಸಿದ್ದರು. ಆದರೆ ಬೀಜದಿಂದ ಬೀಜಕ್ಕೆ ಅದರ ಪ್ರಮಾಣ ಬದಲಾಗುತ್ತದೆ. ಮಾತ್ರೆಯ ಜೊತೆ ವೈದ್ಯರಿಗೆ ತಿಳಿಸದೆ ಪುಡಿಯನ್ನೂ ಸೇವಿಸಿದರೆ ಲೀವೊಡೋಪಾ ಎರಡು ಪಟ್ಟಾಗಿ ವಾಂತಿ, ಬಳುಕಾಟ, ಭ್ರಮೆಗಳು ಉಂಟಾಗಬಹುದು.

ಔಷಧದ ಏರಿಳಿತ ಹಿಡಿತಕ್ಕೆ ಬಾರದವರಿಗೆ ಮಿದುಳಿನ ಆಳಕ್ಕೆ ಎಲೆಕ್ಟ್ರೋಡ್ ಇಳಿಸಿ ವಿದ್ಯುತ್ ಪ್ರಚೋದನೆ ಕೊಡುವ ಶಸ್ತ್ರಚಿಕಿತ್ಸೆಯಿದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಮ್ ಲೂಯಿ ಬೆನಾಬಿಡ್ 1987ರಲ್ಲಿ ಆರಂಭಿಸಿದ ವಿಧಾನವಿದು. ಭಾರತದಲ್ಲೂ ಹಲವು ಕಡೆ ಲಭ್ಯವಿದೆ, ಖರ್ಚು ಮಾತ್ರ ಬಹಳ. ಸಾಮಾನ್ಯವಾಗಿ ಲೀವೊಡೋಪಾಗೆ ಸ್ಪಂದಿಸುವ ಲಕ್ಷಣಗಳೇ ಇದರಿಂದ ಸುಧಾರಿಸುತ್ತವೆ. ಮರೆವು, ಮಾತಿನ ತೊಡಕು, ಬೀಳುವಿಕೆಗಳಿಗೆ ಇದು ಪರಿಹಾರವಲ್ಲ.

ವ್ಯಾಯಾಮವನ್ನು ಔಷಧದಷ್ಟೇ ನಿಷ್ಠೆಯಿಂದ ಮಾಡಬೇಕು. ಬಿರುಸು ನಡಿಗೆ, ದೊಡ್ಡ ಹೆಜ್ಜೆ, ಗಟ್ಟಿಯಾಗಿ ಓದುವುದು ಎಲ್ಲವೂ ಕುಗ್ಗುತ್ತಿರುವ ಚಲನೆಯನ್ನು ಹಿಗ್ಗಿಸುವ ಪ್ರಯತ್ನಗಳೇ.

ಎಚ್ಚರ ತಪ್ಪಬಾರದ ಎರಡು ಸಂದರ್ಭಗಳು

ಪಾರ್ಕಿನ್‌ಸನ್ ರೋಗಿಗಳ ಪ್ರಾಣಕ್ಕೆ ಎರವಾಗುವುದು ಹೆಚ್ಚಾಗಿ ನ್ಯುಮೋನಿಯಾ. ನುಂಗುವ ಸ್ನಾಯುಗಳೂ ನಿಧಾನವಾಗುವುದರಿಂದ ಅನ್ನದಗುಳು, ನೀರು ಶ್ವಾಸನಾಳಕ್ಕೆ ಜಾರುತ್ತವೆ. ಊಟದ ನಡುವೆ ಕೆಮ್ಮು, ನೀರು ಕುಡಿದ ಮೇಲೆ ಧ್ವನಿ ಒದ್ದೆಯಾದಂತೆ ಕೇಳುವುದು ಇದರ ಸೂಚನೆ. ನೇರವಾಗಿ ಕೂರಿಸಿ, ಗದ್ದವನ್ನು ತುಸು ತಗ್ಗಿಸಿ, ಚಿಕ್ಕ ತುತ್ತುಗಳನ್ನು ಕೊಡಬೇಕು. ಮಲಗಿದ್ದಲ್ಲೇ ಬಾಯಿಗೆ ನೀರು ಹಾಕಬಾರದು.

ಇನ್ನೊಂದು ಸಂದರ್ಭ ಆಸ್ಪತ್ರೆಗೆ ಸೇರಿದಾಗ. ಸೊಂಟದ ಮೂಳೆ ಮುರಿದೋ ಕಣ್ಣಿನ ಪೊರೆಗೋ ದಾಖಲಾದ ರೋಗಿಗೆ 'ಬಾಯಿಗೆ ಏನೂ ಕೊಡಬೇಡಿ' ಎಂದಾಗ ಲೀವೊಡೋಪಾ ಕೂಡ ನಿಂತುಹೋಗುತ್ತದೆ. ಹಠಾತ್ತನೆ ನಿಂತರೆ ತೀವ್ರ ಬಿಗಿತ, ಜೋರು ಜ್ವರ, ಪ್ರಜ್ಞೆ ಮಸುಕಾಗುವಿಕೆ ಉಂಟಾಗಿ ಜೀವಕ್ಕೇ ಅಪಾಯವಾಗಬಹುದು. ವಾಂತಿಗೆ ಮೆಟೊಕ್ಲೊಪ್ರಮೈಡ್, ರಾತ್ರಿಯ ಗಲಾಟೆಗೆ ಹ್ಯಾಲೊಪೆರಿಡಾಲ್ ಕೊಟ್ಟರೂ ಸ್ಥಿತಿ ಬಿಗಡಾಯಿಸುತ್ತದೆ. ಯಾವ ಮಾತ್ರೆ, ಎಷ್ಟು, ದಿನದ ಯಾವ ಯಾವ ಗಂಟೆಗೆ ಎಂದು ಬರೆದ ಚೀಟಿಯೊಂದು ರೋಗಿಯ ಜೇಬಿನಲ್ಲಿ ಸದಾ ಇರಲಿ. ಅದರ ಕೆಳಗೆ ಈ ಎರಡು ಔಷಧಗಳ ಹೆಸರನ್ನು ಕೊಡಬಾರದವೆಂದು ಕೆಂಪು ಶಾಯಿಯಲ್ಲಿ ಬರೆದು, ದಾಖಲಾದ ದಿನವೇ ವೈದ್ಯರಿಗೂ ಅರಿವಳಿಕೆ ತಜ್ಞರಿಗೂ ತೋರಿಸಬೇಕು.